ಹ್ಯಾವ್‌ಲಾಕ್‌ಗೆ ಹೊರಟವರಿಗೆ, ಸ್ವಲ್ಪ ಇತಿಹಾಸ ಸಮೇತ

ಚೆನ್ನೈನಲ್ಲಿ ಮೂವತ್ತು ವರ್ಷದಿಂದ ಇದ್ದೀನಲ್ಲ, ಅಂಡಮಾನಿಗೆ ಹೊರಟ ಕನ್ನಡ ಗೆಳೆಯರೆಲ್ಲ ನನಗೇ ಫೋನು ಮಾಡ್ತಾರೆ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಯ್ತು, ಬರೆದೇ ಬಿಡ್ತೀನಿ.

ಮೊದಲು ಹೆಸರಿನ ಗೊಂದಲ. ಹ್ಯಾವ್‌ಲಾಕ್ 2018ರ ಡಿಸೆಂಬರ್‌ನಲ್ಲಿ ಸ್ವರಾಜ್ ದ್ವೀಪ ಆಯಿತು. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯ ಪುರಂ ಆಯಿತು. ಟಿಕೆಟ್ ಹುಡುಕುವಾಗ ಹಳೆಯದು, ಹೊಸದು ಎರಡೂ ಗೊತ್ತಿರಲಿ. ಹೆನ್ರಿ ಹ್ಯಾವ್‌ಲಾಕ್ 1857ರ ದಂಗೆ ಅಡಗಿಸಲು ಹೋದ ಸೇನಾನಿ, ಅದೇ ವರ್ಷ ಲಖನೌದಲ್ಲಿ ಭೇದಿ ಹಿಡಿದು ಸತ್ತ. ಮರುವರ್ಷ ಬಂಡಾಯದ ಕೈದಿಗಳನ್ನು ಹಡಗಿನಲ್ಲಿ ತಂದು ಇಳಿಸಿದ್ದು ಇದೇ ಅಂಡಮಾನಿಗೆ. ಕೈದಿಗಳ ಸೀಮೆಯಲ್ಲಿ ದಂಡನಾಯಕನ ಹೆಸರು ನೂರೈವತ್ತು ವರ್ಷ ನಿಂತಿತು!

ಎರಡನೇದು, ಗಡಿಯಾರ ನಂಬಬೇಡಿ. ದ್ವೀಪ ಇರೋದು ದೂರದ ಪೂರ್ವದಲ್ಲಿ, ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರ್‌ನಲ್ಲಿ ಸಂಜೆ ಐದರ ಹೊತ್ತಿಗೇ ಸೂರ್ಯ ಮುಳುಗ್ತಾನೆ. ಮೊದಲ ಸಲ ನಾವು ಕಾಫಿ ಕುಡಿದು, ಆರಾಮಾಗಿ ಐದೂವರೆಗೆ ರಾಧಾನಗರ ಕಡಲತೀರ ಮುಟ್ಟಿದ್ವಿ. ಕತ್ತಲು! "ಇದನ್ನ ನೋಡೋಕೆ ಇಷ್ಟು ದೂರ ಬರಬೇಕಿತ್ತಾ?" ಅಂದಳು ನನ್ನಾಕೆ. ಜೆಟ್ಟಿಯಿಂದ ಸುಮಾರು ಹನ್ನೆರಡು ಕಿಲೋಮೀಟರ್ ಇದೆ, ನಾಲ್ಕಕ್ಕೆಲ್ಲ ಅಲ್ಲಿರಿ. ಸೂರ್ಯೋದಯಕ್ಕೆ ಪೂರ್ವದ ಕಾಲಾಪತ್ಥರ್ ಕಡೆ ಹೋಗಿ. ವಿಜಯನಗರದ ತೀರದಲ್ಲಿ ಇಳಿತದ ವೇಳೆ ನೀರು ಬಹಳ ಹಿಂದಕ್ಕೆ ಸರಿದು ಕಲ್ಲು, ಹವಳವೇ ಕಾಣೋದು. ಈಜೋರು ಭರತದ ಸಮಯ ಕೇಳಿಕೊಂಡು ಹೋಗಿ. ಮೊಸಳೆ ಎಚ್ಚರಿಕೆಯ ಫಲಕ ಕಂಡರೆ ನೀರಿಗೆ ಇಳಿಯಲೇಬೇಡಿ, ಅಲ್ಲಿ ಜೀವ ಹೋಗಿದ್ದುಂಟು. ಸತ್ತ ಹವಳದ ಚೂರನ್ನೂ ಚೀಲಕ್ಕೆ ಹಾಕಬೇಡಿ, ವಿಮಾನ ನಿಲ್ದಾಣದಲ್ಲಿ ಹಿಡೀತಾರೆ. 2020ರಲ್ಲಿ ಚೆನ್ನೈಯಿಂದ ಸಮುದ್ರದಡಿ ಕೇಬಲ್ ಎಳೆದ ಮೇಲೆ ಇಂಟರ್ನೆಟ್ ಸುಧಾರಿಸಿದೆ. ಆದರೂ ಜೇಬಲ್ಲಿ ನಗದು ಇರಲಿ.

ಇನ್ನು ಅಲ್ಲಿನ ನಂಬರ್‌ಗಳು. ಆಟೋದವರು "ಮೂರು ನಂಬರಾ, ಐದು ನಂಬರಾ, ಏಳು ನಂಬರಾ?" ಅಂತ ಕೇಳ್ತಾರೆ. ಗೋವಿಂದನಗರ, ವಿಜಯನಗರ, ರಾಧಾನಗರ ಅಂತ ಅರ್ಥ. ರೆಸಾರ್ಟಿನವರು ಇಟ್ಟ ನಂಬರ್ ಇರಬೇಕು ಅಂದುಕೊಂಡಿದ್ದೆ. ಅಲ್ಲ. ದೇಶ ಒಡೆದಾಗ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು ಸರಕಾರ 1949ರಿಂದ ಅಂಡಮಾನಿನಲ್ಲಿ ನೆಲೆಗೊಳಿಸಿತು, ಐವತ್ತರ ದಶಕದಲ್ಲಿ ಹ್ಯಾವ್‌ಲಾಕ್‌ನಲ್ಲೂ. ಕಾಡು ಕಡಿದು ಗದ್ದೆ ಮಾಡಿದವರು ಅವರು. ನಂಬರ್ ಅವರ ಹಳ್ಳಿಗಳದ್ದು. ರಾಧಾನಗರವನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತ್ಯುತ್ತಮ ಕಡಲತೀರ ಅಂತ ಹೊಗಳಿದ್ದು ಆಮೇಲಿನ ಮಾತು.

ನನಗೆ ಅಲ್ಲೇ ಚುರುಕ್ಕೆಂದಿತು. ನಾನು ಸಿಂಧನೂರು ಕಡೆಯವನು. ನಮ್ಮಲ್ಲೂ 1970ರ ಆಸುಪಾಸಿನಲ್ಲಿ ಬಂಗಾಳಿ ನಿರಾಶ್ರಿತರು ಬಂದು ನೆಲೆಸಿದರು. ಆರ್.ಎಚ್. ಕ್ಯಾಂಪ್ ಎರಡು, ಮೂರು, ನಾಲ್ಕು... ಅಲ್ಲೂ ನಂಬರೇ. ಆ ಕ್ಯಾಂಪಿನ ಹುಡುಗ ನನ್ನ ಪಕ್ಕದಲ್ಲೇ ಬೆಂಚಿನಲ್ಲಿ ಕೂತು ಓದಿದ. ಅವನನ್ನು "ಕ್ಯಾಂಪಿನವನು" ಅಂತಲೇ ಕರೀತಿದ್ವಿ. ನಿಮ್ಮ ಊರು ಯಾವುದೋ ಅಂತ ಒಂದು ದಿನವೂ ಕೇಳಲಿಲ್ಲ. ಚೆನ್ನೈಗೆ ಬಂದ ಮೇಲೆ ಜನ ನನ್ನನ್ನು "ಸೊಂದ ಊರು ಯಾವುದು ಸಾರ್?" ಅಂತ ಎಷ್ಟು ಸಲ ಕೇಳಿದ್ದಾರೋ!

ಮೂರು ನಂಬರ್ ಬಜಾರಿನಲ್ಲಿ ಎಳನೀರು ಮಾರುವ ಒಬ್ಬ ಹಿರಿಯ ಹೆಂಗಸನ್ನು ಕೇಳಿಯೇ ಬಿಟ್ಟೆ, "ದೀದಿ, ನಿಮ್ಮ ಊರು ಯಾವುದು?" ಹಿಂದಿಯಲ್ಲಿ ಹೇಳಿದಳು, ಅಪ್ಪನದು ಬಾರಿಸಾಲ್, ತನ್ನದು ಇದೇ. "ನಿಮ್ಮದು, ದಾದಾ?" ಬಾಯಿಗೆ ಬಂದ ಚೆನ್ನೈಯನ್ನು ನುಂಗಿಕೊಂಡು ಸಿಂಧನೂರು ಅಂದೆ. ಅಲ್ಲೂ ನಿಮ್ಮವರಿದ್ದಾರೆ, ಭತ್ತ ಬೆಳೀತಾರೆ ಅಂತ ಕ್ಯಾಂಪುಗಳ ಕತೆ ಹೇಳಿದೆ. ಮಚ್ಚು ಕೆಳಗಿಟ್ಟು ಕೇಳಿಸಿಕೊಂಡಳು.

"ಸಮುದ್ರ ಇದೆಯಾ ಅಲ್ಲಿ?"

ಇಲ್ಲ, ತುಂಗಭದ್ರಾ ಕಾಲುವೆ ಇದೆ ಅಂದೆ.

"ಹಾಗಾದ್ರೆ ಮೀನಿಗೆ ಏನು ಮಾಡ್ತಾರೆ ಪಾಪ?"

ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ದೋಣಿಯ ಹೊತ್ತಾಯಿತು. ಹಾಂ, ವಾಪಸು ಬರುವ ದೋಣಿ ಟಿಕೆಟ್ ಮೊದಲೇ ಮಾಡಿಸಿಡಿ, ರಜಾ ದಿನಗಳಲ್ಲಿ ಸಿಗೋದಿಲ್ಲ.