ಐರಿಶ್ ಭಾಷೆಯ ‘ಟ್ಯಾಖ್’: ಮನೆ ಅನ್ನೋ ಪದ ಎಲ್ಲೆಲ್ಲಿ ಅಡಗಿದೆ?

ಡಬ್ಲಿನ್ ಟೀಮ್ ಜೊತೆ ದಿನಾ ಕಾಲ್‌ನಲ್ಲಿ ಕೂರುವವರು ನಿಮ್ಮಲ್ಲಿ ಬೇಕಾದಷ್ಟು ಜನ ಇರ್ತೀರಿ. ಆ ನಾಡಿನ ಹಳೆಯ ಭಾಷೆ ಐರಿಶ್‌ನಲ್ಲಿ ಮನೆಗೆ ಏನಂತಾರೆ ಗೊತ್ತಾ? ಬರೆಯುವುದು ಇಂಗ್ಲಿಷಿನ ‘ಟೀಚ್’ ಪದದ ಅದೇ ಐದು ಅಕ್ಷರ. ಓದುವುದು ಹೆಚ್ಚುಕಡಿಮೆ ‘ಟ್ಯಾಖ್’. ಕೊನೆಯ ‘ಖ್’ ಗಂಟಲಿನಿಂದ ಬರಬೇಕು, ಉರ್ದುವಿನ ‘ಖಬರ್’ ಥರ.

ಮೂಲದಲ್ಲಿ ಇದು ಗೋಡೆಯ ಪದ ಅಲ್ಲ, ಮಾಡಿನ ಪದ. ‘ಸ್ತೆಗ್’ ಅನ್ನೋ ಇಂಡೋ-ಯುರೋಪಿಯನ್ ಧಾತುವಿಗೆ ಮುಚ್ಚು, ಹೊದಿಸು ಅಂತ ಅರ್ಥ. ಲ್ಯಾಟಿನ್ನಿನ ‘ಟೆಕ್ಟಮ್’ (ಚಾವಣಿ), ರೋಮನ್ನರು ಹೊದೆಯುತ್ತಿದ್ದ ‘ಟೋಗಾ’, ಇಂಗ್ಲಿಷಿನ ‘ಥ್ಯಾಚ್’ (ಹುಲ್ಲಿನ ಹೊದಿಕೆ) ಎಲ್ಲವೂ ಅದೇ ಬೇರಿನವು. ಸಂಸ್ಕೃತದ ‘ಸ್ಥಗ್’ ಅಂದರೂ ಮುಚ್ಚು ಅಂತಲೇ. ನಮ್ಮ ‘ಸೇವೆ ತಾತ್ಕಾಲಿಕವಾಗಿ ಸ್ಥಗಿತ’ ಬಂದದ್ದು ಅಲ್ಲಿಂದ. ಅದನ್ನೂ ಈ ಕುಟುಂಬಕ್ಕೆ ಸೇರಿಸಿದವರಿದ್ದಾರೆ. ಆದರೆ ಆ ಮಹಾಪ್ರಾಣ ‘ಥ’ ಲೆಕ್ಕಕ್ಕೆ ಸಿಗೋದಿಲ್ಲ ಅನ್ನೋ ತಕರಾರೂ ಇದೆ.

ಇನ್ನು ವ್ಯಾಕರಣ. ನಮ್ಮಲ್ಲಿ ಮನೆ, ಮನೆಯ, ಮನೆಗಳು: ‘ಮನೆ’ ಅಲ್ಲಾಡೋದೇ ಇಲ್ಲ. ಅಲ್ಲಿ ಮನೆ ‘ಟ್ಯಾಖ್’, ಮನೆಯ ಅನ್ನೋಕೆ ‘ಟೀ’, ಮನೆಗಳು ‘ಟಿಹೆ’. ಇದೇನು ಹುಚ್ಚಾಟ ಅನ್ಸುತ್ತೆ. ಆದರೆ ಪ್ರಾಚೀನ ಕೆಲ್ಟಿಕ್‌ನಲ್ಲಿ ಅದು ‘ತೆಗೊಸ್’, ಷಷ್ಠಿಯಲ್ಲಿ ‘ತೆಗೆಸೊಸ್’. ಸ್ವರಗಳ ನಡುವಿನ ‘ಸ’ ಬಿದ್ದುಹೋಯಿತು, ಬಾಲ ಸವೆಯಿತು, ಆಮೇಲೆ ‘ಗ’ ಕೂಡ ಕರಗಿತು. ಉಳಿದದ್ದು ಬರೀ ‘ಟೀ’. ಹಾಡು-ಕುಣಿತದ ಕೂಟ ನಡೆಸಿಕೊಡುವವನನ್ನು ಇವತ್ತಿಗೂ ‘ಫ್ಯಾರ್ ಅನ್ ಟೀ’ ಅಂತಾರೆ, ಅಂದರೆ ಮನೆ ಯಜಮಾನ.

ನನಗೆ ತುಂಬಾ ಹಿಡಿಸಿದ್ದು ಬೇರೆ. ಐರಿಶ್‌ನಲ್ಲಿ ‘ಒಳಕ್ಕೆ’ ಅನ್ನೋಕೆ ‘ಇಶ್ಟ್ಯಾಖ್’. ಬಿಡಿಸಿದರೆ ‘ಮನೆಯೊಳಕ್ಕೆ’! ‘ಹೊರಕ್ಕೆ’ ಅನ್ನೋ ‘ಅಮಾಖ್’ ಬಿಡಿಸಿದರೆ ‘ಬಯಲಿಗೆ’. ಕಾರು ಹತ್ತಿದರೂ, ನೀರಿಗಿಳಿದರೂ, ಮಾತಿನಲ್ಲಿ ಅವರು ಮನೆಯೊಳಕ್ಕೇ ಹೋಗ್ತಾರೆ. ಆದರೆ ನಿಜವಾಗಿ ಮನೆಗೆ ಹೊರಟಾಗ ಈ ಪದ ಬರೋದಿಲ್ಲ, ನೋಡಿ. ಆಗ ಹೇಳೋದು ‘ಅವಾಲ್ಯ’. ಅದರ ಮೂಲ ‘ಬಾಲ್ಯ’, ಅಂದರೆ ಊರು. ಹಬ್ಬಕ್ಕೆ ಪುಣೆಯಿಂದ ಬಸ್ ಹತ್ತುವಾಗ ನಾವು ‘ಊರಿಗೆ ಹೋಗ್ತಿದ್ದೀನಿ’ ಅಂತೀವಲ್ಲ, ಹಾಗೆ.

ಊರ ಹೆಸರುಗಳಲ್ಲಿ ಮಾತ್ರ ಈ ಮನೆಗೆ ಕಷ್ಟಕಾಲ ಬಂತು. ಇಂಗ್ಲಿಷರ ಆಳ್ವಿಕೆಯಲ್ಲಿ ಹೆಸರುಗಳು ಇಂಗ್ಲಿಷ್ ಕಾಗುಣಿತಕ್ಕೆ ತಿರುಗಿದವು. 1824ರಲ್ಲಿ ಶುರುವಾದ ಆರ್ಡ್‌ನೆನ್ಸ್ ಸರ್ವೆ ಅವನ್ನು ನಕ್ಷೆಯಲ್ಲಿ ಗಟ್ಟಿ ಮಾಡಿತು. ಮೊಲಿಂಗ್ ಅನ್ನೋ ಸಂತನ ಮನೆ, ‘ಟೀ ಮೊಲಿಂಗ್’, ಹೆಸರಿನ ಎರಡು ಊರುಗಳಿವೆ. ಕಿಲ್ಡೇರ್ ಕೌಂಟಿಯದು ‘ಟಿಮೋಲಿನ್’ ಆಯಿತು. ಮನೆ ‘ಟಿ’ ಆಗಿ ಮುದುರಿಕೊಂಡಿತು. ಕಾರ್ಲೋ ಕೌಂಟಿಯದು ‘ಸೇಂಟ್ ಮಲಿನ್ಸ್’ ಆಯಿತು. ಸಂತ ಉಳಿದ, ಮನೆ ಹೋಯಿತು. ಡಬ್ಲಿನ್ ಪಕ್ಕದ ‘ಟ್ಯಾಖ್ ಸಾಗರ್ಡ್’ ಬರೀ ‘ಸ್ಯಾಗರ್ಟ್’ ಆಯಿತು. ಅದೀಗ ಅಲ್ಲಿನ ಟ್ರಾಮ್ ರೆಡ್ ಲೈನ್‌ನ ಒಂದು ಕೊನೆ. ನಿಲ್ದಾಣದ ಫಲಕದಲ್ಲಿ ಎರಡೂ ಹೆಸರು ಬರೆದಿದ್ದಾರೆ.