ಗವಾಯಿಗಳ ಛಲದ ಕಥೆಯಲ್ಲಿ ಬಿಟ್ಟುಹೋದ ಲೆಕ್ಕ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಎಷ್ಟೋ ಮನೆ, ಅಂಗಡಿಗಳಲ್ಲಿ ಗದಗಿನ ಪುಟ್ಟರಾಜ ಅಜ್ಜಾರ ಫೋಟೊ ಇರುತ್ತೆ. ಅದರ ಜೊತೆ ಒಂದು ಮಾತೂ ಇರುತ್ತೆ: "ಕಣ್ಣಿಲ್ಲದಿದ್ರೂ ಎಷ್ಟು ಸಾಧಿಸಿದ್ರು ನೋಡ್ರಿ!" ಅಂಗವೈಕಲ್ಯ ಇರುವ ಮಗು ಮನೆಯಲ್ಲಿದ್ದರೆ ಅದರ ಅಪ್ಪ-ಅವ್ವನಿಗೆ ಈ ಮಾತು ಬುದ್ಧಿವಾದವಾಗಿಯೂ ಬರುತ್ತೆ. ಗಟ್ಟಿ ಮನಸ್ಸು ಮಾಡಿದರೆ ಎಲ್ಲಾ ಆಗುತ್ತೆ, ಅಂತ.

ಇವತ್ತು ರೆಸಿಲಿಯನ್ಸ್ ಅಂತ ಹೇಳೋದು ಇದನ್ನೇ. ಪೆಟ್ಟು ತಿಂದರೂ ಎದ್ದು ನಿಲ್ಲೋ ಗುಣ. ನಾನು ಬಿ.ಕಾಂ. ಓದಿದವನು, ಬಂಡವಾಳ ಯಾರು ಹಾಕಿದ್ರು ಅಂತ ಕೇಳೋದು ಚಟ. ಈ ಕಥೆಗೂ ಆ ಪ್ರಶ್ನೆ ಕೇಳೋಣ.

1892ರಲ್ಲಿ ಹಾನಗಲ್ ಹತ್ತಿರದ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯ ಹುಟ್ಟಿದರು. ಮುಂದೆ ಪಂಚಾಕ್ಷರಿ ಗವಾಯಿ ಆದವರು ಇವರೇ. ಇವರಿಗೂ ಅಣ್ಣ ಗುರುಬಸಯ್ಯನಿಗೂ ಕಣ್ಣು ಕಾಣುತ್ತಿರಲಿಲ್ಲ. ಹುಡುಗರ ಹಾಡು ಹಾನಗಲ್ಲ ಕುಮಾರಸ್ವಾಮಿಗಳ ಕಿವಿಗೆ ಬಿತ್ತು. 1909ರಲ್ಲಿ ಬಾದಾಮಿ ಸಮೀಪ ಶಿವಯೋಗ ಮಂದಿರ ಕಟ್ಟಿದವರು ಅವರು. ಹುಡುಗರ ಊಟ, ವಸತಿ, ಕಲಿಕೆಯ ಭಾರ ಹೊತ್ತರು. ಗದಿಗೆಯ್ಯ ಕರ್ನಾಟಕ ಸಂಗೀತ ಕಲಿತರು, ನೀಲಕಂಠ ಬುವಾ ಮಿರಜಕರ್ ಅವರಲ್ಲಿ ಹಿಂದೂಸ್ತಾನಿ ಕಲಿತರು. ಆಮೇಲೆ ಶಿಷ್ಯರನ್ನು ಕಟ್ಟಿಕೊಂಡು ಊರೂರು ಸುತ್ತುವ ಸಂಗೀತ ಶಾಲೆ ನಡೆಸಿದರು. ಅದು ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು.

ಪುಟ್ಟರಾಜರದ್ದೂ ಹಾಗೇ. ಈಗಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದರು. ಎಳವೆಯಲ್ಲೇ ದೃಷ್ಟಿ ಹೋಯ್ತು. ಸೋದರಮಾವ ಚಂದ್ರಶೇಖರಯ್ಯ ಸಾಕಿದರು. ಹುಡುಗ ಹಾರ್ಮೋನಿಯಂ ನುಡಿಸೋದು ಕೇಳಿ ಪಂಚಾಕ್ಷರಿ ಗವಾಯಿಗಳ ಹತ್ತಿರ ಬಿಟ್ಟರು. 1944ರಲ್ಲಿ ಗುರು ತೀರಿಕೊಂಡ ಮೇಲೆ ಆಶ್ರಮದ ಹೊಣೆ ಹೊತ್ತು, 2010ರಲ್ಲಿ ತೀರಿಕೊಳ್ಳುವ ತನಕ ನಡೆಸಿದರು. ಅದೇ ವರ್ಷ ಪದ್ಮಭೂಷಣ ಬಂದಿತ್ತು.

ಈಗ ಜಮಾ ಬದಿ ನೋಡಿ. ಒಬ್ಬ ಸ್ವಾಮಿ, ಒಬ್ಬ ಸೋದರಮಾವ, ಗುರುಗಳು, ದಿನಾ ದಾಸೋಹ, ಜೋಳ-ಕಾಸು ಕೊಟ್ಟ ಹಳ್ಳಿಗಳು. ಖರ್ಚು ತೂಗಿಸೋಕೆ ಆಶ್ರಮ ನಾಟಕ ಕಂಪನಿಯನ್ನೂ ಕಟ್ಟಿತು. ಪುಟ್ಟರಾಜರೇ ನಾಟಕ ಬರೆದರು. ಕಲಿಸುವ ರೀತಿಯೂ ಕಿವಿಯಿಂದ ಕಿವಿಗೆ. ಕಣ್ಣಿರುವ ಬಸವರಾಜ ರಾಜಗುರು, ವೆಂಕಟೇಶ್ ಕುಮಾರ್ ಅವರೂ ಅದೇ ಮನೆಯಲ್ಲಿ ಹಾಗೇ ಕಲಿತರು. ಆ ಅಂಗಳದಲ್ಲಿ ಪಾಠ ಕಲಿಯೋಕೆ ಕಣ್ಣು ಬೇಕು ಅನ್ನೋ ಷರತ್ತೇ ಇರಲಿಲ್ಲ.

1983ರಲ್ಲಿ ಇಂಗ್ಲೆಂಡಿನ ಮೈಕ್ ಆಲಿವರ್ 'ಸಾಮಾಜಿಕ ಮಾದರಿ' ಅಂತ ಹೆಸರಿಟ್ಟಿದ್ದು ಇಂಥ ಯೋಚನೆಗೇ. ದೇಹದಲ್ಲಿ ಕೊರತೆ ಇರಬಹುದು, ಆದರೆ ಮನುಷ್ಯನನ್ನು ಹೊರಗಿಡೋದು ಸಮಾಜ ಮಾಡಿಟ್ಟ ಏರ್ಪಾಟು. ಏರ್ಪಾಟು ಬದಲಾದರೆ ಬದುಕೂ ಬದಲಾಗುತ್ತೆ.

ಹಾಗಂತ ಗವಾಯಿಗಳ ಸಾಧನೆ ಸಣ್ಣದಾಗಲ್ಲ. ಅಷ್ಟು ವರ್ಷದ ರಿಯಾಜ್ ಅವರದ್ದೇ. ಆದರೆ ಆಶ್ರಮ ತೆರೆದಿದ್ದು ಮುಖ್ಯವಾಗಿ ಒಂದೇ ಬಾಗಿಲು, ಸಂಗೀತದ್ದು. ದನಿ ಇಲ್ಲದ, ಲೆಕ್ಕದಲ್ಲಿ ಚುರುಕಾದ ಮಗು ಏನು ಮಾಡಬೇಕಿತ್ತು? ಸ್ವಾಮಿಗಳ ಕಿವಿಗೆ ಹಾಡು ಬೀಳದೇ ಹೋದ ಮಕ್ಕಳು ಎಲ್ಲಿ ಹೋದರು? ಅವರಲ್ಲೂ ಛಲ ಇದ್ದಿರಲೇಬೇಕು. ಛಲದ ಕಥೆಯಲ್ಲಿ ಗೆದ್ದವರ ಹೆಸರಷ್ಟೇ ಉಳಿಯುತ್ತೆ. ಅಣ್ಣ ಗುರುಬಸಯ್ಯನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು, ಹೇಳಿ?

ಅದಕ್ಕೇ ಕಾನೂನು ಬೇಕಾಯ್ತು. 1995ರಲ್ಲಿ ಒಂದು, ಆಮೇಲೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಇದರಲ್ಲಿ 21 ಬಗೆಯ ಅಂಗವೈಕಲ್ಯ ಸೇರಿವೆ, ಸರ್ಕಾರಿ ಕೆಲಸದಲ್ಲಿ ಕನಿಷ್ಠ ಶೇ. 4 ಮೀಸಲಾತಿ ಇದೆ. ಸ್ವಾಮಿಗಳ ಕರುಣೆಯಿಂದ ಇಬ್ಬರಿಗೆ ಸಿಕ್ಕಿದ್ದನ್ನು ಎಲ್ಲರೂ ಹಕ್ಕಾಗಿ ಕೇಳಬಹುದು ಅನ್ನೋದೇ ಇದರ ತಿರುಳು.

ಮುಂದಿನ ಸಲ ನಿಮ್ಮೂರಲ್ಲಿ ಇಂಥ ಮಗುವಿನ ಮನೆಗೆ ಹೋದರೆ, ಅಜ್ಜಾರ ಹೆಸರು ಹೇಳಿ ಧೈರ್ಯ ತುಂಬೋ ಮೊದಲು ಇಷ್ಟು ಕೇಳ್ರಿ: ಶಾಲೆಗೆ ಕರ್ಕೊಂಡು ಹೋಗೋರು ಯಾರು? ಕಲಿಸೋಕೆ ಬರೋ ಮೇಷ್ಟ್ರು ಇದ್ದಾರಾ? ಯುಡಿಐಡಿ ಕಾರ್ಡ್ ಆಗಿದೆಯಾ? ಅಜ್ಜಾರ ಕಥೆ ಶುರುವಾಗಿದ್ದೂ ಯಾರೋ ಇಂಥದ್ದನ್ನು ಕೇಳಿದ್ದರಿಂದಲೇ.

ಮತ್ತೆ ಸಿಗೋಣ್ರಿ.