ಹಡಗಿನ ಕಿವಿ ಕಾಯುವವರು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಿಂತು "ಐಟಿ ಅಂದ್ರೆ ಏನ್ರೀ?" ಅಂತ ಕೇಳಿ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ನೈಟ್ ಶಿಫ್ಟು ಅಂತಾರೆ. "ನೇವಿ ಅಂದ್ರೆ?" ಅಂತ ಕೇಳಿ. ಬಿಳಿ ಬಟ್ಟೆ, ಹಡಗು, ಫಿರಂಗಿ ಅಂತಾರೆ. ಎರಡನ್ನೂ ಸೇರಿಸಿ "ನೇವಿಯಲ್ಲಿ ಐಟಿ ಕೆಲಸ" ಅಂದರೆ ಮುಖ ಮುಖ ನೋಡ್ತಾರೆ.

ಚನ್ನಪಟ್ಟಣ, ಕನಕಪುರ, ಮಾಗಡಿಯಲ್ಲಿ ಕೇಳಿದರೂ ಇಷ್ಟೇ. ಅವರದ್ದೇನೂ ತಪ್ಪಿಲ್ಲ ಬಿಡಿ. ಇಲ್ಲಿಂದ ಮಂಗಳೂರಿನ ಕಡಲು ಮುನ್ನೂರು ಕಿಲೋಮೀಟರಿಗೂ ದೂರ. ಬೆಂಗಳೂರು ಮಾತ್ರ ಮನೆಯ ಜಗಲಿಯಷ್ಟು ಹತ್ತಿರ. ಇಂಜಿನಿಯರಿಂಗ್ ಓದಿದ ನನ್ನಂಥವರಿಗೂ ಕೆಲಸ ಅಂದರೆ ಕಂಪನಿ ಅಂತಲೇ ತಲೆಯಲ್ಲಿ ಕೂತಿರುತ್ತೆ. ಆದರೆ ಸುದ್ದಿ ಹಿಡಿಯುವ, ಸುದ್ದಿ ಕಳಿಸುವ, ಅದರ ಯಂತ್ರ ಕಾಯುವ ಕೆಲಸ ನಮ್ಮ ನೌಕಾಪಡೆಯಲ್ಲಿ ಬೆಂಗಳೂರಿನ ಐಟಿಗಿಂತ ಹಳೆಯದು. ಆ ಕೆಲಸದವರನ್ನು ಯಾರು ಹೇಗೆ ನಡೆಸಿಕೊಂಡರು ಅನ್ನುವುದು ಗೊತ್ತಿದ್ದರೆ, ಇವತ್ತು ಮಗನನ್ನೋ ಮಗಳನ್ನೋ ಅಗ್ನಿವೀರರಾಗಿ ಕಳಿಸಲು ಯೋಚಿಸುತ್ತಿರುವ ಮನೆಯವರಿಗೆ ಕೇಳಬೇಕಾದ ಪ್ರಶ್ನೆಯೂ ಗೊತ್ತಾಗುತ್ತೆ.

ಮೊದಲು 1946ಕ್ಕೆ ಹೋಗೋಣ. ಬಾಂಬೆಯ ಕೊಲಾಬಾದಲ್ಲಿ ಎಚ್‌ಎಂಐಎಸ್ ತಲ್ವಾರ್ ಅಂತ ಒಂದು ನೆಲೆ ಇತ್ತು. ಹೆಸರು ಹಡಗಿನ ಥರ, ಆದರೆ ಅದು ದಡದ ಮೇಲಿದ್ದ ಸಿಗ್ನಲ್ ತರಬೇತಿ ಶಾಲೆ. ಮೋರ್ಸ್ ಕೋಡ್, ವೈರ್‌ಲೆಸ್ ಸೆಟ್ಟು, ಗುಪ್ತ ಸಂಕೇತಗಳು, ಇದೇ ಅಲ್ಲಿನ ಪಾಠ. ಅವತ್ತಿನ ಐಟಿ ಅಂದರೆ ಅದೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಓದುಬರಹ ಬಲ್ಲ ಹುಡುಗರನ್ನು ಒಳ್ಳೆಯ ಭವಿಷ್ಯದ ಆಸೆ ತೋರಿಸಿ ಸೇರಿಸಿಕೊಂಡಿದ್ದರು. ಒಳಗೆ ಹೋದ ಮೇಲೆ ಸಿಕ್ಕಿದ್ದು ಕೆಟ್ಟ ಊಟ, ಬಿಳಿಯರಿಗಿಂತ ಕಡಿಮೆ ಸಂಬಳ, ಜನಾಂಗದ ಹೆಸರು ಹಿಡಿದು ಬೈಗುಳ.

ಬಲಾಯಿ ಚಂದ್ ದತ್ ಅನ್ನೋ ಟೆಲಿಗ್ರಾಫಿಸ್ಟ್ ಗೋಡೆಯ ಮೇಲೆ ಬ್ರಿಟಿಷರ ವಿರುದ್ಧ ಘೋಷಣೆ ಬರೆದು ಸಿಕ್ಕಿಬಿದ್ದ. ಫೆಬ್ರವರಿ 18ರಂದು ತಲ್ವಾರ್‌ನ ನಾವಿಕರು ಊಟ ಬಿಟ್ಟು ಮುಷ್ಕರಕ್ಕೆ ಕೂತರು. ಮುಷ್ಕರ ಸಮಿತಿಯ ಅಧ್ಯಕ್ಷ ಎಂ.ಎಸ್. ಖಾನ್ ಸಿಗ್ನಲ್‌ಮನ್, ಉಪಾಧ್ಯಕ್ಷ ಮದನ್ ಸಿಂಗ್ ಟೆಲಿಗ್ರಾಫಿಸ್ಟ್. ಅಂದರೆ ಇಬ್ಬರೂ ಸಂದೇಶ ವಿಭಾಗದವರೇ. ಕೆಲವೇ ದಿನದಲ್ಲಿ ಈ ಕಿಚ್ಚು 78 ಹಡಗು, 20 ದಡದ ನೆಲೆ, ಸುಮಾರು 20 ಸಾವಿರ ನಾವಿಕರಿಗೆ ಹಬ್ಬಿತು. ಅಷ್ಟು ಬೇಗ ಹೇಗೆ ಸಾಧ್ಯವಾಯ್ತು? ಹಡಗಿಂದ ಹಡಗಿಗೆ ಮಾತಾಡುವ ವೈರ್‌ಲೆಸ್ ಇದ್ದಿದ್ದೇ ಇವರ ಕೈಯಲ್ಲಿ ಅಲ್ವಾ!

ಸರ್ದಾರ್ ಪಟೇಲರ ಮಾತಿಗೆ ಓಗೊಟ್ಟು ಫೆಬ್ರವರಿ 23ರಂದು ಅವರು ಮುಷ್ಕರ ಬಿಟ್ಟರು. ಅವರ ಬೇಡಿಕೆಗಳ ಪಟ್ಟಿಯಲ್ಲಿ ಊಟ, ಸಂಬಳ, ಮರ್ಯಾದೆಯ ಜೊತೆಗೆ ಇನ್ನೊಂದು ಸಾಲಿತ್ತು. ಯುದ್ಧ ಮುಗಿದಿದೆ, ನಮ್ಮನ್ನು ಬಿಡುಗಡೆ ಮಾಡುವುದಾದರೆ ಹೊರಗೆ ಕೆಲಸ ಕೊಡಿ ಅನ್ನೋ ಬೇಡಿಕೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಸೇವೆಯಿಂದ ವಜಾ ಆದವರನ್ನು ಸ್ವಾತಂತ್ರ್ಯ ಬಂದ ಮೇಲೂ ನೌಕಾಪಡೆ ವಾಪಸ್ ಕರೆಯಲಿಲ್ಲ.

ಸ್ವಾತಂತ್ರ್ಯ ಬಂತು. ಜನ ನಮ್ಮವರು, ಯಂತ್ರ ಮಾತ್ರ ಪರದೇಶದ್ದು. ಆ ಕೊರತೆ ನೀಗಿಸೋಕೆ ಅಂತಲೇ 1954ರಲ್ಲಿ ರಕ್ಷಣಾ ಸಚಿವಾಲಯದ ಅಡಿ ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮ ಬಾಯಲ್ಲಿ ಬಿಇಎಲ್, ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿತು. ಆಗ ಮೈಸೂರು ರಾಜ್ಯದ ಮುಖ್ಯಮಂತ್ರಿ ಯಾರು ಹೇಳಿ? ಕೆಂಗಲ್ ಹನುಮಂತಯ್ಯ, ಇದೇ ರಾಮನಗರ ಸೀಮೆಯವರು. ವಿಧಾನಸೌಧ ಕಟ್ಟಿಸಿದರು ಅಂತ ಅವರನ್ನು ನೆನೆಯುತ್ತೇವೆ. ಅವರ ಕಾಲದಲ್ಲೇ ಬೆಂಗಳೂರಿನ ಇನ್ನೊಂದು ಮೂಲೆಯಲ್ಲಿ ನೌಕಾಪಡೆಗೆ ಕಣ್ಣು, ಕಿವಿ ಮಾಡಿಕೊಡುವ ಕಾರ್ಖಾನೆ ಶುರುವಾಗಿತ್ತು ಅನ್ನೋದು ಎಷ್ಟು ಜನರಿಗೆ ಗೊತ್ತು?

ಆ ಕಣ್ಣು ಕಿವಿಯ ಬೆಲೆ ಗೊತ್ತಾಗಿದ್ದು 1971ರ ಡಿಸೆಂಬರ್‌ನಲ್ಲಿ. 4ನೇ ತಾರೀಖು ರಾತ್ರಿ ನಮ್ಮ ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿ ಬಂದರಿನ ಮುಂದೆ ಪಾಕಿಸ್ತಾನದ ಹಡಗುಗಳನ್ನು ಮುಳುಗಿಸಿದವು. ಸಿಬ್ಬಂದಿ ಸೋವಿಯತ್ ದೇಶದಲ್ಲಿ ತರಬೇತಿ ಪಡೆದವರು. ಕದ್ದು ಕೇಳುವವರಿಗೆ ದಿಕ್ಕು ತಪ್ಪಲಿ ಅಂತ ರೇಡಿಯೋದಲ್ಲಿ ರಷ್ಯನ್ ಭಾಷೆಯಲ್ಲೇ ಮಾತಾಡಿಕೊಂಡರು. ಇವತ್ತಿಗೂ ಡಿಸೆಂಬರ್ 4 ನೌಕಾಪಡೆ ದಿನ.

ಅದಾಗಿ ಐದೇ ದಿನಕ್ಕೆ, 9ರ ರಾತ್ರಿ, ದಿಯು ಹತ್ತಿರ ಐಎನ್‌ಎಸ್ ಖುಕ್ರಿ ಮುಳುಗಿತು. ಪಾಕಿಸ್ತಾನದ ಹ್ಯಾಂಗೋರ್ ಜಲಾಂತರ್ಗಾಮಿ ಹೊಡೆದ ಟಾರ್ಪಿಡೊ. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗಿನ ಜೊತೆಗೇ ಮುಳುಗಿದರು. ಧೈರ್ಯಕ್ಕೆ ಕೊರತೆ ಇರಲಿಲ್ಲ ಸ್ವಾಮಿ. ಕೊರತೆ ಇದ್ದಿದ್ದು ಸೋನಾರ್‌ನಲ್ಲಿ, ಅಂದರೆ ನೀರೊಳಗಿನ ಸದ್ದು ಹಿಡಿಯುವ ಯಂತ್ರದಲ್ಲಿ. ನಮ್ಮವರಿಗೆ ಕೇಳಿಸುವ ಮೊದಲೇ ಶತ್ರುವಿಗೆ ನಾವು ಕೇಳಿಸಿದ್ದೆವು.

ಈ ಪಾಠವನ್ನು ಮನಸ್ಸಿಗೆ ಹಚ್ಚಿಕೊಂಡ ಒಬ್ಬ ಅಧಿಕಾರಿ ಇದ್ದರು. ತಮಿಳುನಾಡಿನ ಆರೋಗ್ಯಸ್ವಾಮಿ ಪೌಲ್‌ರಾಜ್. ಹದಿಹರೆಯದಲ್ಲೇ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರಿದವರು, ನೌಕಾಪಡೆಯಲ್ಲಿದ್ದುಕೊಂಡೇ ದೆಹಲಿ ಐಐಟಿಯಲ್ಲಿ ಪಿಎಚ್‌ಡಿ ಮಾಡಿದವರು. ಮೊದಲು ಹಳೆಯ ಸೋನಾರನ್ನು ಸುಧಾರಿಸಿದರು. ಆಮೇಲೆ ಕೊಚ್ಚಿಯ ಪ್ರಯೋಗಾಲಯದಲ್ಲಿ ತಂಡ ಕಟ್ಟಿ 80ರ ದಶಕದ ಆರಂಭಕ್ಕೆ ಅಪ್ಸೋ ಅನ್ನೋ ದೇಶೀ ಸೋನಾರ್ ಕೊಟ್ಟರು. ಅದನ್ನು ತಯಾರಿಸಿದ್ದು ನಮ್ಮ ಬಿಇಎಲ್. ಬೆಂಗಳೂರಿನಲ್ಲೇ 1986ರಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರದ ಸ್ಥಾಪಕ ನಿರ್ದೇಶಕರೂ ಆದರು.

ಕಮೋಡೋರ್ ಆಗಿ ನಿವೃತ್ತರಾಗಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ಗೆ ಹೋದ ಮೇಲೆ ಅವರು ಕೊಟ್ಟಿದ್ದು ಮೈಮೊ ತಂತ್ರಜ್ಞಾನ. ಎರಡೂ ಕಡೆ ಹಲವು ಆಂಟೆನಾ ಇಟ್ಟು, ಒಂದೇ ತರಂಗದಲ್ಲಿ ಹಲವು ಧಾರೆಯಾಗಿ ಮಾಹಿತಿ ಕಳಿಸುವ ವಿದ್ಯೆ. ಸೋನಾರ್‌ನಲ್ಲೂ ಹಲವು ಕಿವಿಗಳು ಒಟ್ಟಿಗೆ ಕೇಳಬೇಕು, ಗದ್ದಲದೊಳಗಿಂದ ಬೇಕಾದ ಸದ್ದನ್ನು ಹೆಕ್ಕಬೇಕು. ಎರಡೂ ವಿದ್ಯೆ ನೆಂಟರೇ. 2014ರಲ್ಲಿ ಅವರಿಗೆ ಮಾರ್ಕೋನಿ ಪ್ರಶಸ್ತಿ ಬಂತು. ಇವತ್ತು 4ಜಿ ಫೋನು, ವೈಫೈ ನಡೆಯುವುದು ಮೈಮೊ ಮೇಲೆ. ರಾಮನಗರದ ಗೂಡಿನ ಇ-ಹರಾಜಿನಲ್ಲಿ ರೀಲರು ಮೊಬೈಲ್ ಒತ್ತಿ ರೇಟು ಹಾಕುವಾಗ, ನೌಕಾಪಡೆಯಲ್ಲಿ ಪಳಗಿದ ಒಬ್ಬ ಇಂಜಿನಿಯರನ ಕೆಲಸ ಅವರ ಅಂಗೈಯಲ್ಲೇ ಇರುತ್ತೆ.

ಈಗಿನ ಹಡಗೋ, ತೇಲುವ ಕಂಪ್ಯೂಟರ್ ಕೇಂದ್ರ ಇದ್ದಹಾಗೆ. ರೇಡಾರ್, ಸೋನಾರ್, ಕ್ಷಿಪಣಿ ಎಲ್ಲ ನೆಟ್‌ವರ್ಕ್ ಮೇಲೆ ನಿಂತಿವೆ. 2013ರ ಆಗಸ್ಟ್ 30ರಂದು ಹಾರಿದ ಜಿಸ್ಯಾಟ್-7, ಅಂದರೆ 'ರುಕ್ಮಿಣಿ' ಉಪಗ್ರಹ, ನಡುಗಡಲಿನ ಹಡಗನ್ನೂ ದಡಕ್ಕೆ ಬೆಸೆಯುತ್ತೆ. ಕಂಪನಿಯಲ್ಲಿ ಸರ್ವರ್ ಕೆಟ್ಟರೆ ಟಿಕೆಟ್ ಹಾಕಿ ಕಾಫಿಗೆ ಹೋಗಬಹುದು. ನಡುಗಡಲಲ್ಲಿ ಕೆಟ್ಟರೆ? ಅಲ್ಲಿ ಸರ್ವಿಸ್ ಸೆಂಟರ್ ಇಲ್ಲ. ಇರುವ ನಾವಿಕನೇ ಸರಿ ಮಾಡಬೇಕು, ಹಡಗು ಓಲಾಡುತ್ತಿದ್ದರೂ ಸರಿ, ಶತ್ರು ಹತ್ತಿರವಿದ್ದರೂ ಸರಿ.

ಈ ಕೆಲಸಕ್ಕೆ ನಮ್ಮ ಮಕ್ಕಳಿಗೆ ದಾರಿ ಇದೆ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿದವರು, ಮೂರು ವರ್ಷದ ತಾಂತ್ರಿಕ ಡಿಪ್ಲೊಮಾ ಮಾಡಿದವರು ಅಗ್ನಿವೀರರಾಗಿ ಅರ್ಜಿ ಹಾಕಬಹುದು. ಒಡಿಶಾದ ಚಿಲ್ಕಾದಲ್ಲಿ ಮೊದಲ ತರಬೇತಿ, ವಿದ್ಯುತ್ ವಿಭಾಗದವರಿಗೆ ಆಮೇಲೆ ಜಾಮ್‌ನಗರದ ಐಎನ್‌ಎಸ್ ವಲ್ಸುರಾ. ಮೊದಲ ತಂಡದಲ್ಲೇ ಹೆಣ್ಣುಮಕ್ಕಳೂ ಇದ್ದರು.

ಆದರೆ 2022ರಲ್ಲಿ ಬಂದ ಈ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕೇ ವರ್ಷ. ಕಾಯಂ ಆಗುವುದು ಹೆಚ್ಚೆಂದರೆ ನೂರಕ್ಕೆ 25 ಜನ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಹಿಡಿದು ಮನೆಗೆ, ಪಿಂಚಣಿ ಇಲ್ಲ. 2022ರ ಕೊನೆಗೆ ಸೇರಿದ ನೌಕಾಪಡೆಯ ಮೊದಲ ತಂಡಕ್ಕೆ 2026ರ ಕೊನೆಗೆ ನಾಲ್ಕು ವರ್ಷ ತುಂಬುತ್ತೆ. ತಲ್ವಾರ್‌ನ ಹುಡುಗರ ಪಟ್ಟಿಯಲ್ಲಿದ್ದ ಆ ಸಾಲು ನೆನಪಿದೆಯಲ್ಲ? ಹೊರಗೆ ಕಳಿಸುವುದಾದರೆ ಕೆಲಸ ಕೊಡಿ. ಎಂಬತ್ತು ವರ್ಷ ಕಳೆದರೂ ಅದೇ ಪ್ರಶ್ನೆ ಬಾಗಿಲಿಗೆ ಬಂದಿದೆ.

ಹೋಗಬೇಡಿ ಅಂತ ನಾನು ಹೇಳಲ್ಲ. ಆದರೆ ನಡುಗಡಲಲ್ಲಿ ನೆಟ್‌ವರ್ಕ್ ಕಾಯ್ದ ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ, ಅವನಿಗೆ ಸೆಕ್ಯೂರಿಟಿ ಗಾರ್ಡ್ ಕೆಲಸ ತೋರಿಸಬೇಡಿ. ಐವತ್ತು ಅರವತ್ತು ಕಿಲೋಮೀಟರ್ ಆಚೆ ಇಷ್ಟೊಂದು ಐಟಿ ಕಂಪನಿಗಳಿವೆ, ಬಿಇಎಲ್ ಇದೆ, ಸರ್ಕಾರದ ಸೈಬರ್ ಠಾಣೆಗಳಿವೆ. ಅವನ ನಾಲ್ಕು ವರ್ಷದ ಅನುಭವವನ್ನು ಅನುಭವ ಅಂತ ಲೆಕ್ಕಕ್ಕೆ ಹಿಡಿಯುತ್ತೇವೆ ಅಂತ ಇವರು ಈಗಲೇ ಬರೆದು ಕೊಡಲಿ. ಅರ್ಜಿ ಹಾಕುವ ಮೊದಲು ಮನೆಯವರು ಕೇಳಬೇಕಾದ ಪ್ರಶ್ನೆ ಇದೇ, ನಮ್ಮ ಶಾಸಕರು, ಸಂಸದರು ಉತ್ತರ ಕೊಡಬೇಕಾದ ಪ್ರಶ್ನೆಯೂ ಇದೇ.